ಭಾಷಣ ಸ್ಪರ್ಧೆಯ ಕುಂಬಳಕಾಯಿ

ಮಕ್ಕಳನ್ನು ಮೈಕಿನ ಮುಂದೆ ನಿಲ್ಲಿಸುವ ಕೆಲಸ ನನ್ನ ಕೊರಳಿಗೆ ಬಿದ್ದು ಬಹಳ ವರ್ಷವಾಯಿತು. ಒಂದು ವರ್ಷವೂ ಅದು ನೆಟ್ಟಗೆ ನಡೆದದ್ದಿಲ್ಲ. ಒಮ್ಮೆ ಮೈಕು ಕೈಕೊಟ್ಟರೆ ಇನ್ನೊಮ್ಮೆ ಮಕ್ಕಳು ಕೈಕೊಡುತ್ತಾರೆ. ಎರಡೂ ಸರಿಯಿದ್ದ ದಿನ ಮುಖ್ಯ ಅತಿಥಿಗಳೇ ಎರಡು ತಾಸು ಮಾತಾಡಿಬಿಡುತ್ತಾರೆ. ಆದರೆ ತೆಲುಗು ರಾಜ್ಯದ ಗಡಿಯಲ್ಲಿರುವ ನಮ್ಮ ನಾರಾಯಣಪೇಟೆ ಹೊಸದಾಗಿ ಜಿಲ್ಲೆಯಾದ ವರ್ಷ ನಡೆದದ್ದನ್ನು ನೆನೆದರೆ ನನಗೆ ಈಗಲೂ ಮೊದಲು ಬೆವರು ಬರುತ್ತದೆ, ಆಮೇಲೆ ನಗು ಬರುತ್ತದೆ.

ಮಕ್ತಲ್ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಹೇಳುವವನು ನಾನು. ತೆಲುಗು ಮಾಧ್ಯಮದ ಕೋಣೆಗಳಲ್ಲಿ ಕೂರಲು ಜಾಗವಿಲ್ಲ. ನಮ್ಮಲ್ಲಿ ಬೆಂಚು ಜಾಸ್ತಿ, ಮಕ್ಕಳು ಕಡಿಮೆ. ಆ ವರ್ಷ ಸ್ಪರ್ಧೆಗಳ ಉಸ್ತುವಾರಿ ಅಧಿಕಾರಿ ಮೀಟಿಂಗಿನಲ್ಲಿ ಭಾಷಣದ ಫೈನಲ್ಲಿಗೆ ಬಂದ ಮಕ್ಕಳ ಹೆಸರಿನ ಹಾಳೆ ಎತ್ತಿ ತೋರಿಸಿದರಂತೆ. ತೆಲುಗಿನ ಸಾಲು ತುಂಬಿದೆ, ಉರ್ದು ಸಾಲು ತುಂಬಿದೆ, ಕನ್ನಡದ ಸಾಲು ಮಾತ್ರ ಹಳೇ ಜಿಲ್ಲೆಯ ಕಾಲದಿಂದಲೂ ಪ್ರತಿ ವರ್ಷ ಖಾಲಿ. ಈ ಸಲವೂ ಒಂದು ಮಗು ಫೈನಲ್ಲಿಗೆ ಬಂದು ನೆಟ್ಟಗೆ ಮಾತಾಡದಿದ್ದರೆ ಆ ಸಾಲನ್ನೇ ತೆಗೆದುಬಿಡುತ್ತೇನೆ ಎಂದರಂತೆ. ಹೆಡ್ಮಾಸ್ತರು ಮೀಟಿಂಗಿನಿಂದ ಬಂದವರೇ ನನ್ನನ್ನು ಕರೆಸಿದರು.

"ಇವತ್ತ ಸಾಲು ಹೋಗತೈತಿ, ನಾಳೆ ಕ್ಲಾಸು ಹೋಗತೈತಿ, ನಾಡಿದ್ದು ನೀವೂ ಹೋಗತೀರಿ ಮಾಸ್ತರ," ಅಂದರು. "ಹೆಂಗರ ಮಾಡಿ ಒಂದು ಕೂಸನ್ನ ನಿಲ್ಲಸ್ರಿ."

ನನ್ನ ಮನೆ, ಮಕ್ಕಳ ಶಾಲೆ ಎಲ್ಲ ಮಕ್ತಲಿನಲ್ಲಿತ್ತು. ವರ್ಗ ಮಾಡಿ ಎಲ್ಲಿಗೆ ಎಸೆಯುತ್ತಾರೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ಗಂಟೆಯನ್ನು ಸೋಲಿಸಿದವಳು

ಮೊದಲು ನಮ್ಮ ಶಾಲೆಯಲ್ಲೇ ಆಯ್ಕೆ. ವಿಷಯ ಮೇಲಿನಿಂದ ಬಂದಿತ್ತು: ಕೂಡು ಕುಟುಂಬ ಬೇಕೋ, ಬೇಡವೋ. ಒಬ್ಬೊಬ್ಬರಿಗೆ ಐದು ನಿಮಿಷ. ಎಂಟು ಮಕ್ಕಳು ಹೆಸರು ಕೊಟ್ಟಿದ್ದರು. ಸಮಯ ಮುಗಿದದ್ದನ್ನು ತಿಳಿಸಲು ಸಣ್ಣ ಗಂಟೆ ಬೇಕಿತ್ತು, ನಮ್ಮಲ್ಲಿ ಇರಲಿಲ್ಲ. ಬೇವಿನ ಮರಕ್ಕೆ ತೂಗುಹಾಕಿದ ರೈಲು ಕಂಬಿಯ ತುಂಡೇ ನಮ್ಮ ಗಂಟೆ. ಅದನ್ನು ಬಾರಿಸುವ ಜವಾನ ರಿಟೈರಾಗಲು ಬಂದ ಮನುಷ್ಯ. ನಾನು ಕಿಟಕಿಯಿಂದ ಕೈ ಎತ್ತಿದರೆ ಒಂದೇ ಒಂದು ಪೆಟ್ಟು ಹಾಕು ಎಂದು ಅವನಿಗೆ ಮೂರು ಸಲ ಹೇಳಿದ್ದೆ.

ಮೊದಲು ಬಂದವಳು ಒಂಬತ್ತನೇ ತರಗತಿಯ ಹುಡುಗಿ. ಅವಳ ಐದು ನಿಮಿಷ ಮುಗಿಯಿತು, ನಾನು ಕೈ ಎತ್ತಿದೆ. ಜವಾನ ಒಂದು ಪೆಟ್ಟು ಹಾಕಿದ. ಆದರೆ ಅಷ್ಟು ವರ್ಷದ ಕೈರೂಢಿ ಅವನನ್ನು ಅಲ್ಲಿಗೆ ನಿಲ್ಲಗೊಡಲಿಲ್ಲ. ಹಿಂದೆಯೇ ಢಣಢಣ ಎಂದು ಊಟದ ಗಂಟೆಯನ್ನು ಪೂರ್ತಿ ಬಾರಿಸಿಬಿಟ್ಟ. ಇಡೀ ಸಭೆ ತಟ್ಟೆ ಹಿಡಿದು ಎದ್ದಿತು. ಅಡುಗೆಯ ಅಮ್ಮ ಗಾಬರಿಯಿಂದ ಅನ್ನದ ಪಾತ್ರೆಯ ಮುಚ್ಚಳ ತೆಗೆದಳು. ಇದು ಊಟದ ಗಂಟೆಯಲ್ಲ ಎಂದು ನಾನು ಕೂಗುತ್ತಿದ್ದರೆ, ಉಳಿದ ಏಳು ಸ್ಪರ್ಧಿಗಳು ನನ್ನನ್ನು ಬಳಸಿಕೊಂಡು ಓಡಿದರು.

ಧೂಳು ಇಳಿದ ಮೇಲೆ ನೋಡಿದರೆ ಆ ಹುಡುಗಿ ಇನ್ನೂ ಮಾತಾಡುತ್ತಲೇ ಇದ್ದಾಳೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಿ ಬೆಳೆದ ಗಂಟಲು ಅದು. ಅವಳು ಶುರುಮಾಡುವಾಗಲೇ ಮೈಕು ಕೆಟ್ಟಿದ್ದರೂ ಯಾರಿಗೂ ಗೊತ್ತಾಗಿರಲಿಲ್ಲ.

"ಗಂಟಿ ಆತಲ್ಲಬೇ, ನೀ ಯಾಕ ಹೋಗಲಿಲ್ಲ?" ಅಂದೆ.

"ಗಂಟಿ ಆತೇನ್ರಿ ಸರ? ಕೇಳಸಲಿಲ್ರಿ."

ಹೆಡ್ಮಾಸ್ತರು ಊಟದ ಸಾಲಿನಿಂದಲೇ ತೀರ್ಪು ಕೊಟ್ಟರು. ಗಂಟೆಯನ್ನೇ ಸೋಲಿಸಿದವಳಿಗೆ ಬೇರೆ ಎದುರಾಳಿ ಯಾಕೆ, ಇವಳನ್ನೇ ಕಳಿಸಿ ಎಂದರು.

ಪೆನ್ಸಿಲ್ಲಿನ ಉತ್ತರ

ಕನ್ನಡದ ಮಕ್ಕಳು ಎಲ್ಲೆಲ್ಲೂ ಬೆರಳೆಣಿಕೆಯಷ್ಟೇ ಇದ್ದುದರಿಂದ ನಮ್ಮ ಜಿಲ್ಲೆ, ಪಕ್ಕದ ಗದ್ವಾಲ ಜಿಲ್ಲೆ ಎರಡಕ್ಕೂ ಸೇರಿಸಿ ಗದ್ವಾಲಿನಲ್ಲಿ ಮುಂದಿನ ಸುತ್ತು ಇಟ್ಟಿದ್ದರು. ಹುಡುಗಿಯನ್ನು ಕರೆದುಕೊಂಡು ಬಸ್ಸಿನಲ್ಲಿ ಕೃಷ್ಣೆ ದಾಟಿ ಹೋದೆ. ಭಾಷಣ ಇದ್ದದ್ದು ಮಧ್ಯಾಹ್ನ. ಬೆಳಗ್ಗೆ ತೆಲುಗಿನಲ್ಲಿ ಕ್ವಿಜ್ ಇತ್ತು. ಅದನ್ನು ನಡೆಸಬೇಕಾದವರು ಬರಲಿಲ್ಲ, ಸುಮ್ಮನೆ ಕೂತಿದ್ದ ನನ್ನ ಕೈಗೆ ಪ್ರಶ್ನೆಗಳ ಲಕೋಟೆ ಕೊಟ್ಟರು. ಹಾಳೆಯಲ್ಲಿ ಏನಿದೆಯೋ ಅದೇ ಉತ್ತರ, ಒಂದಕ್ಷರ ಆಚೀಚೆ ಆಗಕೂಡದು ಎಂದು ತಾಕೀತು ಬೇರೆ.

ಮೊದಲ ಪ್ರಶ್ನೆ, ನಮ್ಮ ರಾಜ್ಯದಲ್ಲಿ ಜಿಲ್ಲೆಗಳೆಷ್ಟು? ಮೊದಲನೇ ತಂಡ ಮೂವತ್ತಮೂರು ಅಂದಿತು. ಹಾಳೆ ನೋಡಿದೆ, ಹತ್ತು ಅಂತಿತ್ತು. ರಾಜ್ಯವಾದ ಹೊಸದರಲ್ಲಿ ಅಚ್ಚುಹಾಕಿಸಿದ ಹಾಳೆ, ಆಮೇಲೆ ಜಿಲ್ಲೆಗಳು ಒಡೆದು ಒಡೆದು ಮೂವತ್ತಮೂರಾಗಿದ್ದರೂ ಯಾರೂ ಅದನ್ನು ಮುಟ್ಟಿರಲಿಲ್ಲ. ತಪ್ಪು ಅಂದೆ. ಎರಡನೇ ತಂಡ ತಮ್ಮ ಪುಸ್ತಕದಲ್ಲಿದ್ದಂತೆ ಮೂವತ್ತೊಂದು ಅಂದಿತು. ಅದೂ ತಪ್ಪು ಅಂದೆ. ಮೂರನೇ ತಂಡದ ಹುಡುಗಿ ಸ್ವಲ್ಪ ಯೋಚಿಸಿ, ಇವತ್ತಿನ ಪೇಪರ್ ಇನ್ನೂ ನೋಡಿಲ್ಲ ಸರ್ ಅಂದಳು.

ಹತ್ತು ಎಂದು ನಾನು ಓದಿ ಹೇಳಿದ ಕೂಡಲೇ ಗದ್ದಲವೆದ್ದಿತು. ಮಕ್ಕಳು ನನ್ನ ತಲೆಯ ಮೇಲಕ್ಕೆ ಬೆರಳು ಮಾಡುತ್ತಿದ್ದರು. ತಿರುಗಿ ನೋಡಿದರೆ, ಅದೇ ಗೋಡೆಯ ಮೇಲೆ ಹತ್ತರಲ್ಲಿ ಇಲ್ಲದ ಗದ್ವಾಲ ಜಿಲ್ಲೆಯ ಬೋರ್ಡು ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ನಾನಾದರೂ ಏನು ಮಾಡಲಿ, ಹಾಳೆ ಬಿಡುವಂತಿಲ್ಲ. ಕೊನೆಗೆ ನಿರ್ಣಾಯಕರಾಗಿ ಬಂದಿದ್ದ ತೆಲುಗು ಪಂಡಿತರು ಎದ್ದು ಮೂರೂ ತಂಡಕ್ಕೆ ಪೂರ್ತಿ ಅಂಕ ಕೊಡಿಸಿದರು. ನನ್ನ ಕೈಗೊಂದು ಪೆನ್ಸಿಲ್ ಕೊಟ್ಟು, ಈ ಉತ್ತರವನ್ನು ಮಾತ್ರ ಇನ್ನು ಮುಂದೆ ಇದರಲ್ಲೇ ಬರೆದಿಡಿ ಎಂದರು.

ಬೇರಿನ ಮಾತು

ಮಧ್ಯಾಹ್ನ ಕನ್ನಡ ಭಾಷಣಕ್ಕೆ ಬೇರೆ ಕೋಣೆ. ಬಂದ ಸ್ಪರ್ಧಿ ನಮ್ಮ ಹುಡುಗಿ ಒಬ್ಬಳೇ. ಆದರೂ ಹತ್ತಕ್ಕೆ ಆರು ಅಂಕ ಬಂದರಷ್ಟೇ ಫೈನಲ್. ನಿರ್ಣಾಯಕರು ಅದೇ ಪಂಡಿತರು. ಅವರಿಗೆ ಕನ್ನಡ ಒಂದಕ್ಷರ ಬಾರದು. ಭಾವ ತಿಳಿಯಲು ಭಾಷೆ ಯಾಕೆ ಎಂದು ನನಗೆ ಧೈರ್ಯ ಹೇಳಿ ಕೂತರು.

ಹುಡುಗಿ ನಾನು ಬರೆದುಕೊಟ್ಟಿದ್ದನ್ನು ಮೂರು ವಾಕ್ಯ ಹೇಳಿದಳು. ನಾಲ್ಕನೆಯದಕ್ಕೆ ನಿಂತಳು. ಕಣ್ಣು ಪಿಳಿಪಿಳಿ ಬಿಟ್ಟು ನನ್ನನ್ನೇ ನೋಡಿದಳು. ಸಾಲು, ಕ್ಲಾಸು, ನಾನು, ಮೂರೂ ಒಟ್ಟಿಗೆ ಹೋಗುವುದು ಕಣ್ಣಿಗೆ ಕಾಣಿಸಿತು. ಏನಾದರೂ ಹೇಳು, ನಿಲ್ಲಬೇಡ ಎಂದು ಕೈಯನ್ನು ಗರಗರ ತಿರುಗಿಸಿದೆ.

ಅವಳು ಒಂದು ಉಸಿರು ಎಳೆದುಕೊಂಡಳು. "ಬೇರು ನನ್ನ ಕಡಿ ಐತಿ! ನೀರು ಹಾಕಿದಾಕಿ ನಾನು, ಗೊಬ್ಬರ ಹಾಕಿದಾಕಿ ನಾನು. ಗ್ವಾಡಿ ಏರಿ ಆಚೀಗೆ ಇಳದ ಕೂಡ್ಲೆ ಕಾಯಿ ನಿಂದಾಗತೈತೇನು?"

ನನಗೆ ತಲೆಬುಡ ತಿಳಿಯಲು ಒಂದು ನಿಮಿಷ ಬೇಕಾಯಿತು. ಅವಳ ಮನೆಯ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅವಳ ಅಜ್ಜ ಮತ್ತು ಅಜ್ಜನ ತಮ್ಮ ಪಾಲಾಗಿ, ಅಂಗಳದ ನಡುವೆ ಗೋಡೆ ಎದ್ದಿತ್ತು. ಈ ಕಡೆ ಅಜ್ಜಿ ಹಾಕಿದ ಕುಂಬಳಬಳ್ಳಿ ಗೋಡೆ ಹತ್ತಿ ಆ ಕಡೆ ಚಿಕ್ಕಜ್ಜಿಯ ಅಂಗಳದಲ್ಲಿ ಒಂದೇ ಒಂದು ದೊಡ್ಡ ಕಾಯಿ ಬಿಟ್ಟಿತ್ತು. ಅಂದಿನಿಂದ ದಿನಾ ಮುಂಜಾನೆ ಇಬ್ಬರಿಗೂ ಅದೇ ಜಗಳ. ನನ್ನ ಭಾಷಣ ಬಾಯಿಪಾಠವಾಗಿರಲಿಲ್ಲ, ಅಜ್ಜಿಯರದ್ದು ಆಗಿತ್ತು. ಹುಡುಗಿ ಇಬ್ಬರ ದನಿಯನ್ನೂ ತೆಗೆದಳು. ನೆಲ ತೋರಿಸಿದಳು, ಆಕಾಶ ತೋರಿಸಿದಳು, ಇಲ್ಲದ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾನು ಹಾಜರಿ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ಕೂತೆ.

ಮುಗಿದ ಮೇಲೆ ಇಣುಕಿ ನೋಡಿದರೆ ಪಂಡಿತರು ಕರ್ಚೀಫು ಹಿಡಿದಿದ್ದಾರೆ. "ಕನ್ನೀಳ್ಳು ವಚ್ಚಾಯಿ ಸಾರ್," ಎಂದು ಗದ್ಗದರಾಗಿ ಕಣ್ಣು ಒರೆಸಿಕೊಂಡರು. ಒಂಬತ್ತು ಅಂಕ ಬರೆದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಆ ಮಗು ನೆಲ ತೋರಿಸಿ ಅಷ್ಟು ಸಂಕಟದಿಂದ ಕೇಳಿತಲ್ಲ, ಅದು ಯಾವುದರ ಬಗ್ಗೆ ಎಂದು ವಿಚಾರಿಸಿದರು.

"ಬೇರಿನ ಬಗ್ಗೆ ರೀ," ಎಂದೆ. ಸುಳ್ಳು ಹೇಳಲಿಲ್ಲ ಎಂಬ ಸಮಾಧಾನ ನನಗೆ ಇವತ್ತಿಗೂ ಇದೆ.

ಕಡೆಯ ಪ್ರಶ್ನೆ

ಬಸ್ಸಿನಲ್ಲಿ ಬೈದೆ. ನೀವೇ ಕೈ ತಿರುಗಿಸಿದ್ರಲ್ರಿ ಸರ ಎಂದಳು. ಮೂರನೇ ದಿನ ಅವಳ ಅಜ್ಜಿ, ಮೊಮ್ಮಗಳನ್ನು ಗೆಲ್ಲಿಸಿದ್ದಕ್ಕೆ ಎಂದು ಒಂದು ಕುಂಬಳಕಾಯಿ ಕೊಟ್ಟು ಕಳಿಸಿದಳು. ಶಾಲೆಯಿಂದ ಮನೆಗೆ ತರುವಾಗ ನನ್ನ ಸೈಕಲ್ಲೇ ವಾಲುವಷ್ಟು ಭಾರ. ಮನೆಯಲ್ಲಿ ಪಲ್ಯ, ಸಾರು, ಕಡುಬು ಎಂದು ಮೂರು ದಿನ ತಿಂದೆವು. ಎಲ್ಲಿಯ ಕಾಯಿ ಎಂದು ಕೇಳಬೇಕು ಅನ್ನಿಸಲಿಲ್ಲ.

ನಾರಾಯಣಪೇಟೆಯ ಫೈನಲ್ ಎಲ್ಲ ಭಾಷೆಯವರಿಗೂ ಒಂದೇ ಹಾಲಿನಲ್ಲಿ. ಈ ಸಲ ನನಗೆ ನಿಜವಾದ ಭಯವಿತ್ತು, ಯಾಕೆಂದರೆ ಅಲ್ಲಿ ಕನ್ನಡ ಬಾರದವರೇ ಕಡಿಮೆ. ನಿರ್ಣಾಯಕರ ಪೈಕಿ ಒಬ್ಬರು ರಾಯಚೂರು ಕಡೆಯ ನಿವೃತ್ತ ಹೆಡ್ಮಾಸ್ತರು. ಹಾಗಾಗಿ ಹುಡುಗಿಯನ್ನು ದಿನಾ ಸಂಜೆ ಕೂರಿಸಿ, ನನ್ನ ಭಾಷಣವನ್ನು ತಲೆಕೆಳಗಾಗಿ ಹೇಳುವಷ್ಟು ಬಾಯಿಪಾಠ ಮಾಡಿಸಿದ್ದೆ. ಅಧಿಕಾರಿ ಆ ಹಾಳೆ ಹಿಡಿದು ಮುಂದಿನ ಸಾಲಿನಲ್ಲೇ ಕೂತಿದ್ದರು.

ಹುಡುಗಿ ವೇದಿಕೆ ಹತ್ತಿದಳು. ಅಷ್ಟರಲ್ಲಿ ನಿರ್ಣಾಯಕರ ಇನ್ನೊಂದು ಕುರ್ಚಿಯಲ್ಲಿದ್ದ ಗದ್ವಾಲಿನ ಪಂಡಿತರು ಮೈಕು ಎಳೆದುಕೊಂಡು, ಈ ಮಗು ನನ್ನನ್ನು ಅಳಿಸಿದೆ, ಅಮ್ಮಾ, ಅವತ್ತು ಹೇಳಿದ್ದನ್ನೇ ಹೇಳು, ಒಂದು ಮಾತೂ ಬಿಡಬೇಡ ಎಂದುಬಿಟ್ಟರು. ಹುಡುಗಿ ನನ್ನ ಕಡೆ ನೋಡಿದಳು. ದೊಡ್ಡವರು ಹೇಳಿದರೆ ಕೇಳುವ ಮಗು ಅದು, ಶುರುಮಾಡಿಯೇಬಿಟ್ಟಳು.

ಅಜ್ಜಿಯ ಪಾಲು ಮುಗಿದು ಚಿಕ್ಕಜ್ಜಿಯ ಪಾಲು ಬಂದಿತು. "ನನ್ನ ಗ್ವಾಡಿಗಿ ಒರಗೇತಿ, ನನ್ನ ಅಂಗಳದ ಬಿಸಲು ಉಂಡೈತಿ. ನಿನ್ನ ಕಾಯಿ ಆಗಿದ್ರ ನಿನ್ನ ಕಡೀಗೆ ಯಾಕ ಬಿಡಲಿಲ್ಲ? ಅದಕ್ಕೂ ನಿನ್ನ ಬಾಯಿ ಸಾಕಾಗಿ ಈ ಕಡೀ ಬಂದೈತಿ!"

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ರಾಯಚೂರಿನ ಹಿರಿಯರು ಮೇಜಿನ ಮೇಲೆ ತಲೆಯಿಟ್ಟುಬಿಟ್ಟರು, ಭುಜ ಕುಲುಕುತ್ತಿತ್ತು. ಅವರು ಅಳುತ್ತಿದ್ದಾರೆ ಎಂದುಕೊಂಡ ಪಂಡಿತರು ಬೆನ್ನು ಸವರಿ ತಮ್ಮ ಕರ್ಚೀಫು ಕೊಟ್ಟರು. ನಾನು ವರ್ಗವಾಗಿ ಹೋಗಬಹುದಾದ ಊರುಗಳನ್ನು ಎಣಿಸುತ್ತ ಕೂತಿದ್ದೆ.

ಅಧಿಕಾರಿ ಎದ್ದು ಹೋಗಿ, ಇದು ವಿಷಯಕ್ಕೆ ಹೊಂದುತ್ತದೆಯೇ ಎಂದು ಹಿರಿಯರನ್ನು ಕೇಳಿದರು. ಹಿರಿಯರು ಕಣ್ಣು ಒರೆಸಿಕೊಂಡು, ಕೂಡು ಕುಟುಂಬ ಬೇಕೋ ಬೇಡವೋ ಎಂದು ಉಳಿದವರೆಲ್ಲ ಬಾಯಿಪಾಠ ಒಪ್ಪಿಸಿದರು, ಗೋಡೆಯ ಎರಡೂ ಕಡೆ ನಿಂತು ವಾದ ಮಾಡಿದವಳು ಇವಳೊಬ್ಬಳೇ, ಮೊದಲ ಬಹುಮಾನ ಇವಳಿಗೇ ಎಂದರು. ನನಗೇ ಹೊಳೆಯದ ಮಾತು ಅದು. ಅಧಿಕಾರಿ ಕನ್ನಡದ ಸಾಲಿನಲ್ಲಿ ಹುಡುಗಿಯ ಹೆಸರು ಬರೆದು, ಈ ಸಾಲು ಇರಲಿ ಎಂದರು. ನನಗೆ ಹೋದ ಜೀವ ಬಂದಂತಾಯಿತು. ಕೂತಲ್ಲೇ ಕಣ್ಣು ಮುಚ್ಚಿ ಉಸಿರು ಬಿಟ್ಟೆ.

ಆ ಉಸಿರು ಪೂರ್ತಿ ಹೊರಗೆ ಬಂದಿರಲಿಲ್ಲ. ಹಿರಿಯರು ಹುಡುಗಿಯನ್ನು ಹತ್ತಿರ ಕರೆದು ಮೈಕಿನಲ್ಲೇ ಕೇಳಿದರು: "ಎಲ್ಲಾ ಸರಿ ತಂಗಿ, ಕಡೀಕ ಆ ಕುಂಬಳಕಾಯಿ ಯಾರಿಗೆ ಸಿಕ್ತು?"

"ಅಜ್ಜಿ ನಸುಕಿನ್ಯಾಗ ಗ್ವಾಡಿ ಏರಿ ಹರಕೊಂಡು ಬಂದು ನಮ್ಮ ಸರಿಗೆ ಕೊಟ್ಟಾಳ್ರಿ," ಎಂದು ಹುಡುಗಿ ನನ್ನನ್ನು ತೋರಿಸಿದಳು. "ಚಿಕ್ಕಜ್ಜಿ ಕಳ್ಳ ಯಾರಂತ ಇನ್ನೂ ಹುಡುಕಾಕತ್ಯಾಳ್ರಿ."

ಇಡೀ ಸಭೆ ನನ್ನ ಕಡೆ ತಿರುಗಿತು. ಆಣೆ ಮಾಡಿ ಹೇಳುತ್ತೇನೆ, ನಾನಾಗಿ ಮಾಡಿದ್ದಲ್ಲ. ನನ್ನ ಕೈ ತಾನಾಗಿಯೇ ಎದ್ದು ಹೆಗಲು ಮುಟ್ಟಿ ನೋಡಿಕೊಂಡಿತು.