ಬಾಳಾಸಾಬನ ಪಾಳಣಾಘರ

"ಮಕ್ಕಳಂದ್ರ ಮನ್ಯಾಗ ಬೆಳೀಬೇಕು. ಪಾಳಣಾಘರದಾಗ ಬಿಟ್ಟು ಬರಾಕ ಅವೇನು ಬಸ್‌ಸ್ಟ್ಯಾಂಡಿನ ಲಗೇಜೇನು?" ಎಂದು ಬಾಳಾಸಾಬ ಭಾನುವಾರ ಊಟಕ್ಕೆ ಕೂತಾಗ ಅಂದದ್ದೇ ತಪ್ಪಾಯಿತು.

ಅವನ ಹೆಂಡತಿ ರಾಜೇಶ್ವರಿಗೆ ಹಾರೂಗೇರಿಯ ಒಂದು ಹೈಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಸೋಮವಾರವೇ ಹಾಜರಾಗಬೇಕು. ನಾಲ್ಕು ವರ್ಷದ ಆರೋಹಿ, ಒಂದೂವರೆ ವರ್ಷದ ಸುರಜ, ಇವರನ್ನು ನೋಡಿಕೊಳ್ಳುವವರು ಯಾರು? ಬಾಳಾಸಾಬನ ತಾಯಿ ಮಗಳ ಬಾಣಂತನಕ್ಕೆಂದು ಮುಗಳಖೋಡಕ್ಕೆ ಹೋಗಿದ್ದಳು. ಹಿಂದಿನ ಓಣಿಯ ಮನೀಷಾ ತನ್ನ ಮನೆಯಲ್ಲೇ ಓಣಿಯ ನಾಲ್ಕು ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತ ಪಾಳಣಾಘರ ನಡೆಸುತ್ತಿದ್ದಳು. ಅಲ್ಲಿ ಬಿಡೋಣ ಎಂದು ರಾಜೇಶ್ವರಿ ಅಂದದ್ದಕ್ಕೆ ಈ ಲಗೇಜಿನ ಮಾತು.

ರಾಜೇಶ್ವರಿ ಸಿಟ್ಟಾಗಲಿಲ್ಲ. ರೊಟ್ಟಿ ಬಡಿಸುತ್ತ, "ಖರೇ ಐತ್ರಿ. ಕಬ್ಬು ಫ್ಯಾಕ್ಟರಿಗಿ ಹೋತು, ಹೊಲದಾಗ ಸದ್ಯ ಕೆಲಸಿಲ್ಲ. ನೀವ ಮನ್ಯಾಗ ಇರ್ರಿ," ಎಂದಳು.

"ಇರ್ತೇನಿ. ಹನ್ನೆರಡು ಎಮ್ಮಿ ಸಾಕಿದಾಂವಗ ಎರಡು ಕೂಸು ಯಾವ ಲೆಕ್ಕ?"

ಸೋಮವಾರ ಒಂಬತ್ತಕ್ಕೆ ಅವಳು ಹೊರಟಳು. ಒಂಬತ್ತೂಕಾಲಕ್ಕೆ ಸುರಜ ಜೋಳದ ಹಿಟ್ಟಿನ ಡಬ್ಬಿಗೆ ಇಳಿದು, ಮೈತುಂಬ ವಿಭೂತಿ ಬಳಿದ ಸ್ವಾಮಿಯಂತೆ ಎದ್ದು ಬಂದ. ಅವನನ್ನು ತೊಳೆದು ಒರೆಸಿ ಆರೋಹಿಯ ಜಡೆಗೆ ಕೈ ಹಾಕಿದರೆ, ಅದು ಕಬ್ಬಿನ ಹೊರೆ ಕಟ್ಟಿದಂತಾಯಿತು.

ಪಕ್ಕದ ಮನೆಯ ತಾರವ್ವ ಗೋಡೆಯಾಚೆಯಿಂದ ಇಣುಕಿದಳು. "ಏನೋ ಬಾಳ್ಯಾ, ನೀ ಹೆಣಲ ಹಾಕಾಕತ್ತೀ?"

"ಹೂಂ ಕಾಕಿ. ಇನ್ನ ಮ್ಯಾಗ ಹುಡುಗರ್ನ ನಾನ ನೋಡಾಂವ."

"ಚಲೋ ಆತು ನೋಡು. ನನ್ನ ಮೊಮ್ಮಗಳು ಪಾಳಣಾಘರಕ್ಕ ಹೋಗಾಕ ದಿನಾ ಅಳತೈತಿ. ಇಲ್ಲೇ ಆಡ್ಕೊಂತ ಇರ್ತೈತಿ. ಎರಡಿದ್ದಲ್ಲಿ ಮೂರು."

ಬಾಳಾಸಾಬ ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಗೋಡೆ ದಾಟಿ ಬಂದಿಳಿದಳು.

ಅವಳಿ ಗಂಡುಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಮನೀಷಾಳ ಕಡೆ ಹೊರಟಿದ್ದ ಭೀಮಸಿ, ಅಂಗಳದ ಗದ್ದಲ ಕೇಳಿ ಬ್ರೇಕ್ ಹಾಕಿದ. "ಅಣ್ಣಾ, ಎಷ್ಟಂದ್ರೂ ನೀ ನಮ್ಮಾಂವ. ಇವೆರಡೂ ಇಲ್ಲೇ ಇರ್ಲಿ. ರಾಯಬಾಗಕ್ಕ ಹೋಗಿ ಬಂದ್ಬಿಡ್ತೇನಿ."

ನಮ್ಮಾಂವ ಅನ್ನಿಸಿಕೊಂಡ ಮೇಲೆ ಒಲ್ಲೆ ಅನ್ನುವುದು ಹೇಗೆ? ಸ್ವಲ್ಪ ಹೊತ್ತಿಗೆ ಅದೇ ಓಣಿಯ ದುರಗಪ್ಪನ ಸೊಸೆ ತನ್ನ ಕೂಸನ್ನೂ ತಂದು ಕೂರಿಸಿದಳು. "ಅನ್ನದ ಮ್ಯಾಲ ಸಾರು ಹಾಕಿದ್ರ ಇದು ಮುಟ್ಟೂದಿಲ್ರಿ. ಬ್ಯಾರೆ ಬ್ಯಾರೆ ಇಡ್ರಿ."

ಆರು ಮಕ್ಕಳಿಗೆ ಅನ್ನ ಉಣಿಸುವಷ್ಟರಲ್ಲಿ ಅವಳಿಗಳಲ್ಲೊಬ್ಬ ಬಚ್ಚಲುಮನೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡ. ಬಾಳಾಸಾಬ ಬೇಡಿದ, ಬೆಲ್ಲ ಕೊಡುವೆನೆಂದ. ಚಿಲಕ ಸರಿಯಲಿಲ್ಲ. ಕೊನೆಗೆ ಹಿಂದಿನ ಕಿಟಕಿಯಲ್ಲಿ ತಲೆ ತೂರಿಸಿದ. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ ಮಾತ್ರ ಒಪ್ಪಲಿಲ್ಲ. ಅಷ್ಟರಲ್ಲಿ ಹುಡುಗ ತಾನೇ ಚಿಲಕ ತೆಗೆದು, ಹೊರಗೆ ಸುತ್ತಿ ಬಂದು, ಉಳಿದವರ ಜೊತೆ ಸೇರಿ ಅವನ ಕಾಲು ಜಗ್ಗತೊಡಗಿದ. ತಾರವ್ವ ಬಂದು ಅವನ ಹೊಟ್ಟೆಗೆ ಒಳ್ಳೆಣ್ಣೆ ಹಚ್ಚಿ ಹೊರಗೆಳೆದಳು. "ಮಕ್ಕಳ ಕೂಡ ಮಗುವಾಗೀ ನೋಡು," ಎಂದು ಮೆಚ್ಚಿಕೊಂಡಳೇ ಹೊರತು ಮೊಮ್ಮಗಳನ್ನು ಕರೆದುಕೊಂಡು ಹೋಗಲಿಲ್ಲ.

ಮೂರು ಗಂಟೆಗೆ ಎಲ್ಲವೂ ಬಿದ್ದಲ್ಲೇ ನಿದ್ದೆಹೋದವು. ಸುರಜ ಅಪ್ಪನ ಎದೆಯ ಮೇಲೆ ಮಲಗಿದ್ದ. ಅವನ ಕಿವಿಯ ಹಿಂದೆ ಸಣ್ಣದೊಂದು ಮಚ್ಚೆ. ಒಂದೂವರೆ ವರ್ಷದಲ್ಲಿ ಬಾಳಾಸಾಬ ಅದನ್ನು ನೋಡೇ ಇರಲಿಲ್ಲ. ಕೈ ಜೋಮು ಹಿಡಿದರೂ ಅವನು ಅಲುಗದೆ, ನೋಡುತ್ತ ಮಲಗಿದ. ಆದರೂ ನಾಳೆ ಪಾಳಣಾಘರವೇ ಎಂದು ನಿಶ್ಚಯಿಸಿದ. ಪ್ರೀತಿ ಬೇರೆ, ಸೊಂಟನೋವು ಬೇರೆ.

ಐದಕ್ಕೆ ಮನೀಷಾ ತಾನಾಗೇ ಬಂದಳು, ಕಂಕುಳಲ್ಲಿ ತನ್ನ ಮಗಳು. ಬಾಳಾಸಾಬನಿಗೆ ಬತ್ತಿದ ಕಾಲುವೆಗೆ ನೀರು ಬಂದಂತಾಯಿತು.

"ಚಲೋ ಬಂದ್ರಿ ವಹಿನಿ. ನನ್ನ ಎರಡೂ ನಾಳಿಂದ ನಿಮ್ಮಲ್ಲೇ. ಉಳಿದಾವನ್ನೂ ಕರ್ಕೊಂಡು ಹೋಗ್ರಿ."

"ಎಲ್ಲೀ ಪಾಳಣಾಘರ ದಾದಾ? ಮುಂಜಾನಿಂದ ಬಾಗಲಾ ತಗದು ಕುಂತೆ, ಒಂದ ಕೂಸೂ ಬರ್ಲಿಲ್ಲ. ಎಲ್ಲಾ ಇಲ್ಲೇ ಅದಾವ. ಮಧ್ಯಾಹ್ನ ರಾಜೇಶ್ವರಿ ಅಕ್ಕಗ ಫೋನ್ ಮಾಡಿ ಅತ್ಕೊಂಡೆ. ಪಾಪ, ಅವ್ರು ತಮ್ಮ ಸಾಲಿ ಆಫೀಸಿನ್ಯಾಗ ಜಾಗಾ ಖಾಲಿ ಐತಿ ಅಂತ ಹೇಳಿದ್ರು. ಹೋಗಿ ಕೇಳಿದೆ. ನಾಳಿಂದನ ಬಾ ಅಂದಾರ."

ಹೇಳುತ್ತಲೇ ಮಗಳನ್ನು ಅವನ ತೋಳಿಗೆ ದಾಟಿಸಿದಳು.

"ಇಕಿಗಿ ನಿಮ್ಮ ರೂಢಿ ಆಗ್ಲಿ ಅಂತ ಕರ್ಕೊಂಡ ಬಂದೆ. ನಾಳೆ ಒಂಬತ್ತಕ್ಕ ಬಿಡ್ತೇನಿ. ಹಾಲು ಜರಾ ಬೆಚ್ಚಗ ಮಾಡಿ ಕೊಡ್ರಿ."

ಕೂಸು ಬಾಳಾಸಾಬನ ಮೀಸೆಯನ್ನು ಎರಡು ಸಲ ಎಳೆದು ನೋಡಿತು. ಒಪ್ಪಿಗೆಯಾದಂತೆ ನಕ್ಕು, ಅವನ ಹೆಗಲ ಮೇಲೆ ತಲೆಯಿಟ್ಟಿತು.