ಮಡಿಲಕ್ಕಿ ವಾಪಸು ಕೇಳಿದ ಭದ್ರತಾ ಅಧಿಕಾರಿಗಳಿಗೆ

ಮಾನ್ಯರೇ,

ದೇಶವೆಲ್ಲ ನಿಶ್ಚಿಂತೆಯಿಂದ ನಿದ್ದೆ ಮಾಡಲೆಂದು ತಾವು ಮಾತ್ರ ಕಣ್ಣು ಮುಚ್ಚದೆ ಕಾಯುತ್ತಿರುವ ತಮ್ಮ ಭದ್ರತಾ ಪರಿಶೀಲನಾ ವಿಭಾಗಕ್ಕೆ ಮಾಗಡಿ ತಾಲ್ಲೂಕು ಗುಡೇಮಾರನಹಳ್ಳಿಯ ದೊಡ್ಡಲಕ್ಷ್ಮಮ್ಮ ಮಾಡುವ ನಮಸ್ಕಾರಗಳು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳಾದ್ದರಿಂದ ಈ ಪತ್ರವನ್ನು ಯಾರ ಕೈಲೂ ಬರೆಸಿಲ್ಲ; ಇದರಲ್ಲಿ ತಪ್ಪು ಕಂಡರೆ ಅದು ತಮ್ಮದೇ ಇರಬೇಕು.

ನನ್ನ ಮೊಮ್ಮಗಳು ಚೈತ್ರಾಳಿಗೆ ರಾಡಾರ್ ತಯಾರಿಸುವ ಸರ್ಕಾರಿ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿದೆ. ಸಿಕ್ಕಿದೆ ಎಂದರೆ, ತಾವು ಒಪ್ಪಿಗೆ ಕೊಟ್ಟರೆ ಸಿಗುತ್ತದೆ. ಅದಕ್ಕಾಗಿ ತಮ್ಮ ಅಧಿಕಾರಿ ಅನಂತರಾಜು ಅವರು ವಿಚಾರಣೆಗೆಂದು ಮನೆಗೆ ಬಂದು, ಗೋಡೆಯ ಮೇಲಿನ ಫೋಟೋ ತೋರಿಸಿ, ನಮ್ಮೆಲ್ಲರ ನಡುವೆ ನಿಂತಿರುವ ಈ ಜಪಾನಿ ಹೆಂಗಸು ಯಾರೆಂದು ಕೇಳಿದರು. ನಮ್ಮನೆ ಮಗಳು ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟರು.

ಹಿಸಾಕೊ ಹಾರೋಹಳ್ಳಿಯ ಕಾರ್ಖಾನೆಗೆ ಬಂದಿದ್ದ ಎಂಜಿನಿಯರೊಬ್ಬರ ಹೆಂಡತಿ. ಆಕೆ ನಮ್ಮನೆಗೆ ರೇಷ್ಮೆ ಹುಳ ನೋಡಲು ಬಂದ ದಿನವೇ ಹುಳ ಗೂಡು ಕಟ್ಟುವಷ್ಟು ಹಣ್ಣಾಗಿ, ಕೂಲಿಯವರು ಕೈಕೊಟ್ಟಿದ್ದರು. ಯಾರೂ ಕರೆಯದೆ ತಾನೇ ಕುಳಿತು, ಕತ್ತಲಾಗುವವರೆಗೆ ನಮ್ಮ ಜೊತೆ ಹಣ್ಣುಹುಳ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟವಳನ್ನು ಸುಮ್ಮನೆ ಕಳಿಸುವುದು ಹೇಗೆ? ಕುಂಕುಮ ಇಟ್ಟು, ಅಕ್ಕಿ, ಬೆಲ್ಲ, ಕೊಬ್ಬರಿ, ರವಿಕೆ ಕಣ ಹಾಕಿ ಮಡಿಲು ತುಂಬಿದೆ. ಮಡಿಲಕ್ಕಿ ಕಟ್ಟಿಸಿಕೊಂಡ ಮೇಲೆ ಅವಳಿಗೆ ಇದು ತವರುಮನೆ. ಅವಳು ತನ್ನ ದೇಶಕ್ಕೆ ಮರಳಿದ ಮೇಲೂ ಗೌರಿಹಬ್ಬಕ್ಕೆ ಅಂಚೆಯಲ್ಲಿ ಬಾಗಿನ ಕಳಿಸುತ್ತೇನೆ. ಅದರಲ್ಲಿದ್ದ ಹಳದಿ ಪುಡಿ ಯಾವುದು, ಕೆಂಪು ಪುಡಿ ಯಾವುದು ಎಂದು ಅನಂತರಾಜು ಅವರು ಕೇಳಿ ಬರೆದುಕೊಂಡ ಜಾಗರೂಕತೆಯನ್ನು ಎಷ್ಟು ಹೊಗಳಿದರೂ ಸಾಲದು.

ಈಗ ತಾವು, ಹಿಸಾಕೊಗೂ ಈ ಮನೆಗೂ ಯಾವ ನಂಟೂ ಇಲ್ಲವೆಂದು ನಾನು ಬರೆದುಕೊಟ್ಟರೆ ಮಾತ್ರ ಚೈತ್ರಾಳ ಕಡತ ಮುಂದೆ ಹೋಗುತ್ತದೆಂದು ಅಪ್ಪಣೆ ಮಾಡಿದ್ದೀರಿ. ಚೈತ್ರಾ ಅಡುಗೆಮನೆಗೆ ಬಂದು, "ಬರ್ಕೊಟ್ಬುಡಜ್ಜಿ, ಅವ್ಳಿಗೇನ್ ಕನ್ನಡ ಓದಕ್ ಬತ್ತೈತಾ" ಎಂದಳು. "ನಂಗ್ ಬತ್ತೈತಲ್ಲ" ಎಂದೆ. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ.

ರಾಡಾರಿನ ಗುಟ್ಟು ಜಪಾನಿಗೆ ಹೋಗಬೇಕಾದರೆ ಮೊದಲು ಚೈತ್ರಾ ಅದನ್ನು ನನಗೆ ಹೇಳಬೇಕು. ಕಳೆದ ವರ್ಷ ಬಂದ ಗಂಡನ್ನು ಏಕೆ ಬೇಡವೆಂದಳೆಂಬುದನ್ನೇ ಅವಳು ಇನ್ನೂ ಹೇಳಿಲ್ಲ. ಆಮೇಲೆ ನಾನು ಹಿಸಾಕೊಗೆ ಹೇಳಬೇಕು. ಫೋನಿನಲ್ಲಿ ನಾವಿಬ್ಬರೂ "ಊಟ ಆಯ್ತಾ" ಎಂಬುದನ್ನು ದಾಟಿ ಮುಂದೆ ಹೋಗಿಲ್ಲ. ಆದರೆ ಪಕ್ಕದ ಮನೆಯಲ್ಲಿ ನನ್ನ ಮೈದುನ ಬೈರಪ್ಪ ಇದ್ದಾನೆ. ಕಿವಿಗೆ ಬಿದ್ದ ಗುಟ್ಟನ್ನು ಹಾಲಿನ ಡೇರಿ ತಲುಪುವಷ್ಟರಲ್ಲಿ ಊರಿಗೆಲ್ಲ ಹಂಚುವವನು, ನಮ್ಮ ಹೊಲದ ಗಡಿಕಲ್ಲನ್ನು ಒಳಕ್ಕೆ ಸರಿಸಿದವನು. ಅವನಿಂದ ದೇಶದ ಗಡಿಗೆ ಯಾವ ಅಪಾಯವೂ ಇಲ್ಲವೆಂದು ತಾವು ತೀರ್ಮಾನಿಸಿದ್ದೀರಿ, ಏಕೆಂದರೆ ಅವನು ಸ್ವದೇಶಿ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಕಟ್ಟಿದ ಮಡಿಲಕ್ಕಿ ಬಿಚ್ಚಿಸುವ ಶಾಸ್ತ್ರ ಸರ್ಕಾರದಲ್ಲಿದ್ದರೆ, ಅದನ್ನು ಬಲ್ಲ ಮುತ್ತೈದೆ ಅಧಿಕಾರಿಯೊಬ್ಬರನ್ನು ಜಪಾನಿಗೆ ಕಳಿಸಿ, ಹಿಸಾಕೊ ಅಂದೇ ಬೇಯಿಸಿ ಉಂಡ ಅಕ್ಕಿಯನ್ನು ಕಾಳು ಕಾಳಾಗಿ ವಸೂಲು ಮಾಡಿಸಬೇಕು. ಅದಾಗದಿದ್ದರೆ ಬೈರಪ್ಪನನ್ನು ವಿದೇಶಿಯೆಂದು ಘೋಷಿಸಬೇಕು. ಅವನೊಡನೆ ನಂಟಿಲ್ಲವೆಂದು ಇವತ್ತೇ ರುಜು ಹಾಕುತ್ತೇನೆ. ಹಿಸಾಕೊ ವಿಷಯದಲ್ಲಿ ಮಾತ್ರ ನನ್ನ ರುಜು ಸಿಗುವುದಿಲ್ಲ.

ತಾವು ಪರಿಶೀಲಿಸಿ ಒಪ್ಪುವುದಾದರೆ,
ತಮ್ಮ ವಿಶ್ವಾಸಿ,
ದೊಡ್ಡಲಕ್ಷ್ಮಮ್ಮ

ಮರೆತ ಮಾತು: ಪತ್ರ ಅಂಚೆಗೆ ಹಾಕುವ ಮೊದಲೇ ಅನಂತರಾಜು ಅವರು, ಸಾವನದುರ್ಗಕ್ಕೆ ಹೋಗುವ ದಾರಿಯಲ್ಲಿ, ರುಜು ಸಿಕ್ಕೀತೇನೋ ಎಂದು ಹೆಂಡತಿಯೊಡನೆ ಮನೆಗೆ ಬಂದಿದ್ದರು. ಆಕೆ ತುಂಬಿದ ಬಸುರಿ. ಅವರು ಬೇಡ ಬೇಡ ಎನ್ನುತ್ತಿರುವಾಗಲೇ ನಾನು ಆಕೆಯ ಮಡಿಲು ತುಂಬಿದೆ. ಹೀಗಾಗಿ ಅವರೀಗ ನನ್ನ ಅಳಿಯ. ಜಪಾನಿನ ಹಿಸಾಕೊ ಅವರ ಹೆಂಡತಿಗೆ ಅಕ್ಕ. ವಿದೇಶಿ ನಂಟಿರುವ ಅವರ ಕಡತವನ್ನೂ ಚೈತ್ರಾಳದ್ದರ ಜೊತೆಗೇ ಇಟ್ಟು, ಇಬ್ಬರದೂ ಒಂದೇ ತೀರ್ಮಾನ ಮಾಡಬೇಕು. ಇದನ್ನು ವಿಚಾರಿಸಲು ತಾವೇ ಪತ್ನೀಸಮೇತರಾಗಿ ಬರುವುದಾದರೆ, ನಮ್ಮಲ್ಲಿ ಅಕ್ಕಿಗೆ ಕೊರತೆಯಿಲ್ಲ.