ದಿನಕ್ಕೊಂದು ಅರ್ಜಿ

ಬಹಳ ಹಿಂದೆ, ಅಂದರೆ ಅರ್ಜಿ ಕೊಟ್ಟವರಿಗೆ ಹಿಂಬರಹ ಕೊಡುವ ಪದ್ಧತಿಯೂ ಇನ್ನೂ ಹುಟ್ಟಿರದ ಕಾಲದಲ್ಲಿ, ಚಂಪಕಾವತಿ ಎಂಬ ರಾಜ್ಯವಿತ್ತು. ವಿಪುಲಕೀರ್ತಿ ಎಂಬ ಮಹಾರಾಜರು ಅದನ್ನು ಆಳುತ್ತಿದ್ದರು. ಪ್ರತಿ ಯುಗಾದಿಯಂದು ಬೇವುಬೆಲ್ಲ ಗಂಟಲಿಳಿಯುವ ಮೊದಲೇ ಹೊಸ ಸಂಕಲ್ಪಗಳನ್ನು ಘೋಷಿಸುವುದು ಅವರ ರೂಢಿ. ಆ ಸಂಕಲ್ಪಗಳನ್ನು ಬರೆದುಕೊಡುತ್ತಿದ್ದವನು ಅರಮನೆಯ ಸಂಕಲ್ಪ ಶಾಖೆಯ ಗುಮಾಸ್ತ ಅಳಸಿಂಗಯ್ಯ. ಈ ಕಥೆ ಅವನದು.

ಹಿಂದಿನ ವರ್ಷ ಅವನು ಬರೆದ ಸಂಕಲ್ಪಪತ್ರ ಹನ್ನೊಂದು ಮೊಳ ಉದ್ದವಿತ್ತು. ಅದರಂತೆ ಮಹಾರಾಜರು ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕಿತ್ತು, ಮಧುರ ಭಕ್ಷ್ಯಗಳನ್ನು ತ್ಯಜಿಸಬೇಕಿತ್ತು, ಹದಿನೆಂಟು ಭಾಷೆ ಕಲಿಯಬೇಕಿತ್ತು, ಸೂರ್ಯಾಸ್ತದೊಳಗೆ ಸಮಸ್ತ ಪ್ರಜೆಗಳ ಅಹವಾಲು ಆಲಿಸಬೇಕಿತ್ತು. ಮೂರನೆಯ ದಿನ ಅವರಿಗೆ ಎಚ್ಚರವಾದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಮಹಾಮಂತ್ರಿ ಧೂರ್ಜಟಿರಾಯರು ಕೂಡಲೇ ಸರ್ಕ್ಯುಲರ್ ಹೊರಡಿಸಿದರು: ಪ್ರಭುಗಳು ಕಣ್ತೆರೆಯುವ ಹೊತ್ತನ್ನೇ ಇನ್ನು ಮುಂದೆ ಬ್ರಾಹ್ಮೀ ಮುಹೂರ್ತವೆಂದು ಪರಿಗಣಿಸತಕ್ಕದ್ದು. ಕೋಳಿಗಳಿಗೆ ಪ್ರತ್ಯೇಕ ನೋಟಿಸು ಹೋಯಿತು. ಐದನೆಯ ದಿನ ಹೋಳಿಗೆಯನ್ನು ತರಕಾರಿಗಳ ಪಟ್ಟಿಗೆ ಸೇರಿಸಲಾಯಿತು. ವರ್ಷಾಂತ್ಯದ ಪ್ರಗತಿ ವರದಿಯಲ್ಲಿ ನೂರಕ್ಕೆ ನೂರು ಸಾಧನೆ. ಆ ವರದಿಯನ್ನು ಬರೆದವನೂ ಅಳಸಿಂಗಯ್ಯನೇ.

ಅವನ ಸ್ವಂತ ಸಂಕಲ್ಪಗಳ ಗತಿಯೇನೂ ಬೇರೆಯಾಗಿರಲಿಲ್ಲ. ನಶ್ಯ ಬಿಡುತ್ತೇನೆಂದು ಬೆಳಿಗ್ಗೆ ಡಬ್ಬಿಯನ್ನು ಬಾವಿಗೆಸೆದು ಸಂಜೆ ಹಗ್ಗ ಹಿಡಿದು ಇಳಿದವನು ಅವನು. ದಿನಾ ನಡೆಯಬೇಕೆಂದು ಹೊಸ ಕೆರ ಹೊಲಿಸಿಕೊಂಡಿದ್ದ. ಅದು ಕಾಲಿಗೆ ಒಗ್ಗುವಷ್ಟರಲ್ಲಿ ಮಳೆಗಾಲ ಬಂದಿತ್ತು. ಅವನ ಮಹಾಕಾವ್ಯದ ಮೊದಲ ಪದ್ಯ ಒಂಬತ್ತು ವರ್ಷಗಳಿಂದ ಮೊದಲ ಪದ್ಯವಾಗಿಯೇ ಉಳಿದಿತ್ತು.

ಈ ಯುಗಾದಿಗೆ ಅವನು ಹದಿನಾಲ್ಕು ಅಂಶಗಳ ಹೊಸ ಪಟ್ಟಿಯನ್ನು ಹೆಂಡತಿ ವೇದವಲ್ಲಿಯ ಮುಂದೆ ರಾಗವಾಗಿ ಓದಿದ. ಅವಳು ಕಣಕ ನಾದುತ್ತಲೇ ಕೇಳಿಸಿಕೊಂಡಳು.

“ಅಷ್ಟೆಲ್ಲ ಬೇಡ ಕಣ್ರೀ. ಊಟ ಆದ್ಮೇಲೆ ನಿಮ್ಮ ತಟ್ಟೆ ನೀವೇ ತೊಳೆದಿಟ್ಬಿಡಿ. ಅದೊಂದೇ ಸಾಕು.”

“ತಟ್ಟೆ ತೊಳೆಯೋದೂ ಒಂದು ಸಂಕಲ್ಪವೇನೇ? ನೋಡಿದೋರು ನಗ್ತಾರೆ.”

“ನಿಮ್ಮನ್ನ ಹಿತ್ತಲಲ್ಲಿ ನೋಡೋಳು ನಾನೊಬ್ಳೇ. ನಾನು ನಗಲ್ಲ.”

ಅಳಸಿಂಗಯ್ಯನಿಗೆ ಅವಮಾನವಾಯಿತು. ಆದರೂ ತೊಳೆದ. ಮೊದಲ ದಿನ ತಟ್ಟೆ ಕೈಜಾರಿ ಬಿತ್ತು, ಎರಡನೆಯ ದಿನ ಪಂಚೆಯೆಲ್ಲ ಬೂದಿ. ಬಿಟ್ಟುಬಿಡೋಣವೆಂದುಕೊಂಡ; ಆದರೆ ನೆಪ ಹುಡುಕುವಷ್ಟರಲ್ಲಿ ತಟ್ಟೆ ತೊಳೆದೇ ಮುಗಿದಿರುತ್ತಿತ್ತು. ಮೂರನೆಯ ವಾರ ಅವನ ಕೈ ತಾನಾಗಿ ವೇದವಲ್ಲಿಯ ತಟ್ಟೆಯನ್ನೂ ಎತ್ತಿಕೊಂಡಿತು. ಮಾರನೆಯ ದಿನ ಮಜ್ಜಿಗೆಗೆ ಒಗ್ಗರಣೆ ಬಿದ್ದಿತ್ತು. ನಲವತ್ತು ದಿನ ಕಳೆದ ಮೇಲೆ, ಜೀವಮಾನದಲ್ಲಿ ತಾನು ನಡೆಸಿಕೊಂಡು ಬಂದ ಏಕೈಕ ಸಂಕಲ್ಪ ಇದೆಂದು ಅವನಿಗೆ ಹೊಳೆದು, ಹಿತ್ತಲಲ್ಲಿ ಒಬ್ಬನೇ ನಿಂತು ನಾಚಿಕೊಂಡ, ಸ್ವಲ್ಪ ಹಿಗ್ಗಿದ.

ಅದೇ ಸಮಯಕ್ಕೆ ಮಹಾರಾಜರು ಖಿನ್ನರಾಗಿದ್ದರು. ಕೋಪ ಬಿಡುವ ಈ ವರ್ಷದ ಸಂಕಲ್ಪ ಮುರಿದುಬಿದ್ದು, ಆ ಕೋಪದಲ್ಲಿ ಇಬ್ಬರು ಬಾಣಸಿಗರು ಗಡೀಪಾರಾಗಿದ್ದರು. ಉದ್ಯಾನದಲ್ಲಿ ಅಳಸಿಂಗಯ್ಯನನ್ನು ಕರೆಸಿ ಕೇಳಿದರು: “ನಮ್ಮ ಸಂಕಲ್ಪಗಳೇಕೆ ನಿಲ್ಲುವುದಿಲ್ಲ?”

‘ಪ್ರಭುಗಳ ಸಂಕಲ್ಪದ ಭಾರವನ್ನು ಭೂದೇವಿ ತಾಳಲಾರಳು’ ಎಂಬುದು ಶಾಖೆಯ ಅಧಿಕೃತ ಉತ್ತರ. ಆದರೆ ನಲವತ್ತು ದಿನ ತಟ್ಟೆ ತೊಳೆದ ಧೈರ್ಯ ಅವನ ಬಾಯಿ ಬಿಡಿಸಿತು.

“ಸಮಸ್ತ ಪ್ರಜೆಗಳು ಬೇಡ, ಪ್ರಭು. ದಿನಕ್ಕೊಂದು ಅರ್ಜಿ ಕೇಳಿ. ಉಪಾಹಾರಕ್ಕೆ ಮೊದಲು.”

“ಒಂದೇ?”

“ಒಂದೇ. ಎರಡನೆಯವರು ಬಂದರೆ ನಾಳೆ ಬನ್ನಿ ಎಂದು ಕಳಿಸೋಣ.”

ನಾಳೆ ಬನ್ನಿ ಎನ್ನುವ ಭಾಗ ಪರಿಚಿತವಾಗಿದ್ದರಿಂದ ಮಹಾರಾಜರು ಒಪ್ಪಿದರು.

ಮೊದಲ ದಿನ ಕುಂಬಾರ ಬೀದಿಯ ಬಾವಿಯ ರಾಟೆ ಮುರಿದ ಸುದ್ದಿ ಬಂತು; ಮಧ್ಯಾಹ್ನಕ್ಕೆ ಹೊಸ ರಾಟೆ ತಿರುಗುತ್ತಿತ್ತು. ಎರಡನೆಯ ದಿನ ಒಬ್ಬ ಹೂವಾಡಗಿತ್ತಿ, ಪಟ್ಟದಾನೆ ದಿನಾ ತನ್ನ ಬುಟ್ಟಿಗೆ ಸೊಂಡಿಲು ಹಾಕುತ್ತದೆಂದಳು. ಆನೆಯ ದಾರಿ ಬದಲಾಯಿತು. ಮೂರನೆಯ ದಿನ ಬಂದ ಮುದುಕನಿಗೆ ತಾನೇಕೆ ಬಂದೆನೆಂದೇ ಮರೆತುಹೋಗಿತ್ತು. ಮಹಾರಾಜರು ಅವನಿಗೆ ಹಾಲು ಕೊಟ್ಟು, ನೆನಪಾಗುವವರೆಗೂ ಕಾದರು. ನೆನಪಾಗಲಿಲ್ಲ, ಆದರೆ ಇಬ್ಬರಿಗೂ ಸಂತೋಷವಾಯಿತು. ನಾಲ್ಕನೆಯ ದಿನ ಉಪಾಹಾರದ ಹೊತ್ತಿಗೆ ಮಹಾರಾಜರು ಹಾಡು ಗುನುಗುತ್ತಿದ್ದರು.

ಐದನೆಯ ದಿನ ಬಾಗಿಲಲ್ಲಿ ನಿಂತಿದ್ದವಳು ಹೊಳೆಯಾಚೆಯ ಅಂಬಿಗರ ದೊಡ್ಡತಾಯಮ್ಮ.

“ದೋಣಿ ಒಳಕ್ಕೆ ನೀರು ಬತ್ತದೆ ಬುದ್ಧಿ,” ಎಂದಳು ಅಳಸಿಂಗಯ್ಯನಿಗೆ. “ಒಂದ್ ಹಲಗೆ ಕೊಡ್ಸಿ, ನಾವೇ ಬಡ್ಕೊತೀವಿ.”

ಅಷ್ಟರಲ್ಲಿ ಧೂರ್ಜಟಿರಾಯರು ಒಳಗೆ ಹೋಗಿಯಾಗಿತ್ತು.

“ದಿನಕ್ಕೆ ಒಂದೇ ಎಂದರೆ ನೆರೆರಾಜ್ಯದವರು ಏನೆಂದುಕೊಂಡಾರು, ಮಹಾಪ್ರಭು? ತಮ್ಮ ಅಲ್ಪತೆಗೂ ಒಂದು ಭವ್ಯತೆ ಬೇಡವೇ?”

ಮಹಾರಾಜರ ಗುನುಗು ನಿಂತಿತು. ಎದೆ ಉಬ್ಬಿತು. ಅರ್ಧ ಗಂಟೆಯಲ್ಲಿ ‘ಸಮಗ್ರ ಕಿರುಬದಲಾವಣೆ ಮಹಾ ಅಭಿಯಾನ’ ಜನಿಸಿತು. ಅದರ ಲಾಂಛನ ಇರುವೆ. ಇರುವೆ ತೀರ ಚಿಕ್ಕದಾಗಿ ಕಂಡೀತೆಂದು ಅದನ್ನು ಕೋಟೆಗೋಡೆಯ ಎತ್ತರಕ್ಕೆ ಬರೆಸಲಾಯಿತು. ಪ್ರತಿಯೊಬ್ಬ ಪ್ರಜೆಯೂ ತನ್ನ ಕಿರುಬದಲಾವಣೆಯನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಬೇಕು. ಅನುಮತಿಯಿಲ್ಲದೆ ಬದಲಾದವರಿಗೆ ಶಿಕ್ಷೆ. ಅರ್ಜಿ ಕೇಳುವ ಸಮಯವನ್ನು ಅಭಿಯಾನದ ಸಿದ್ಧತೆಗೆ ವರ್ಗಾಯಿಸಲಾಗಿದೆ. ದೊಡ್ಡತಾಯಮ್ಮನಿಗೆ ನಾಳೆ ಬರಲು ಹೇಳಿದರು.

ಅಳಸಿಂಗಯ್ಯನನ್ನು ಅಭಿಯಾನದ ಮಹಾ ಆಯುಕ್ತನನ್ನಾಗಿ ನೇಮಿಸಿದರು. ಈ ಹುದ್ದೆ ಬೇಡವೆನ್ನಬೇಕೆಂದು ಅವನು ನಿಜಕ್ಕೂ ದೃಢಸಂಕಲ್ಪ ಮಾಡಿದ. ಪಲ್ಲಕ್ಕಿಯಲ್ಲಿ ಕೂತು ಮನೆಗೆ ಹೋಗುವಾಗ.

ಅಂದು ಅವನು ಉಂಡು ಎದ್ದವನೇ ಶಾಲು ಹೊದ್ದು ಹೊರಟ.

“ತಟ್ಟೆ?” ಎಂದಳು ವೇದವಲ್ಲಿ.

“ಪ್ರಗತಿ ಪರಿಶೀಲನಾ ಸಭೆ ಇದೆ ಕಣೇ. ಎಲ್ಲರೂ ಕಾಯ್ತಿದಾರೆ.”

“ಏನು ವಿಷಯ?”

“ಅದೇ... ಪುರುಷರು ತಟ್ಟೆ ತೊಳೆಯೋ ವಿಷಯ.”

ವೇದವಲ್ಲಿ ಎರಡೂ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ನಡೆದಳು.

ಸಭೆಗಳ ಮೇಲೆ ಸಭೆ. ಎರಡು ಸಭೆಗಳ ನಡುವೆ ಅಳಸಿಂಗಯ್ಯ ಫೈಲುಗಳಿಗೆ ರುಜು ಹಾಕುತ್ತಿದ್ದ. ಓದಬೇಕೆಂದು ಮನಸ್ಸೇನೋ ಇತ್ತು. ಬರುವ ಸೋಮವಾರದಿಂದ ಓದುವುದೆಂದು ತೀರ್ಮಾನಿಸಿದ್ದ.

ಕೊನೆಗೆ ಮಹೋತ್ಸವ ಬಂತು. ಮಹಾರಾಜರಿಗೆ ‘ಸ್ಥಿರಸಂಕಲ್ಪ ಸಾರ್ವಭೌಮ’ ಎಂಬ ಬಿರುದು, ಅದಕ್ಕೊಂದು ಹೊಸ ಕಿರೀಟ. ಪ್ರಜೆಗಳೆಲ್ಲ ಹಾಜರಿರಬೇಕೆಂದು ಡಂಗುರ ಹೊಡೆಸಲಾಗಿತ್ತು. ಬೃಹತ್ ವೇದಿಕೆಯ ಅಂಚಿನಲ್ಲಿ ನಿಂತು ಅಳಸಿಂಗಯ್ಯ ಇಪ್ಪತ್ತೆರಡು ಮೊಳದ ಬಿನ್ನವತ್ತಳೆ ಓದುತ್ತಿದ್ದ. ಚಪ್ಪಾಳೆಗೆಂದು ನಿಗದಿಯಾದ ಬಿಡುವಿನಲ್ಲಿ ಕೆಳಗೆ ನೋಡಿದರೆ ಮೊದಲ ಸಾಲಿನಲ್ಲಿ ದೊಡ್ಡತಾಯಮ್ಮ. ಮೊಣಕಾಲಿನವರೆಗೆ ಧೂಳು.

ಅವನು ಬಗ್ಗಿ ಮೆಲ್ಲಗೆ ಕೇಳಿದ: “ಏನಮ್ಮಾ, ದೋಣಿ ಸರಿಹೋಯ್ತಾ?”

“ದೋಣಿ ಎಲ್ಲದೆ ಬುದ್ಧಿ? ನೀವು ನಿಂತಿದ್ದೀರಲ್ಲ, ಅದೇಯ.”

ಅಳಸಿಂಗಯ್ಯ ಕಾಲಡಿ ನೋಡಿದ. ಸ್ವಲ್ಪ ಬಾಗಿದ ಕರಿ ಹಲಗೆಗಳು, ಸಂದಿನಲ್ಲಿ ಇನ್ನೂ ಹೊಳೆಯ ಪಾಚಿ. ‘ಅನುಪಯುಕ್ತ ಜಲವಾಹನಗಳ ಮರವನ್ನು ವೇದಿಕೆಗೆ ಬಳಸಲು ಮಂಜೂರಾತಿ’ ಎಂದೇನೋ ಒಂದು ಫೈಲಿತ್ತು. ಕೆಳಗೆ ಅವನದೇ ರುಜು.

“ಮತ್ತೆ ಹೆಂಗೆ ಬಂದ್ರಿ?”

“ಬೆಟ್ಟ ಸುತ್ಕಂಡು ಬಂದೊ. ಚಪ್ಪಾಳೆ ತಟ್ಟಕ್ಕೆ ಬರ್ನಿಲ್ಲ ಅಂದ್ರೆ ಬುಟ್ಟಾರಾ?”

ಓದಲು ಇನ್ನೂ ನಾಲ್ಕು ಮೊಳ ಬಾಕಿಯಿತ್ತು. ಒಂದೇ ಒಂದು ಹೆಜ್ಜೆ ಸಿಂಹಾಸನದತ್ತ ಇಟ್ಟು, ಒಂದೇ ಒಂದು ಮಾತನ್ನು ಮಹಾರಾಜರಿಗೆ ಹೇಳಿದರೆ ಸಾಕಿತ್ತು. ಅದಕ್ಕಿಂತ ಕಿರಿದಾದ ಬದಲಾವಣೆ ಇಡೀ ರಾಜ್ಯದಲ್ಲಿರಲಿಲ್ಲ. ಹಿಂದಿನಿಂದ ಧೂರ್ಜಟಿರಾಯರು ಕೆಮ್ಮಿದರು. ಅಳಸಿಂಗಯ್ಯ ಗಂಟಲು ಸರಿಮಾಡಿಕೊಂಡು ಮುಂದಿನ ಸಾಲು ಓದಿದ.

ಕಿರೀಟಧಾರಣೆಗೆ ಇನ್ನೂ ಹೊತ್ತಿತ್ತು. ಹೊಳೆಯಾಚೆಯವರು ಮೂರು ಹರದಾರಿ ಸುತ್ತಿ ಊರು ಸೇರಬೇಕಿದ್ದುದರಿಂದ, ತಮ್ಮ ಪಾಲಿನ ಚಪ್ಪಾಳೆಯನ್ನು ಮುಂಗಡವಾಗಿ ತಟ್ಟಿ ಹೋಗಲು ಅವರಿಗೆ ವಿಶೇಷ ಅನುಮತಿ ನೀಡಲಾಯಿತು.